ಸುಗ್ಗಿಗೊಂದು ಪ್ಯಾಕ್, ಬಿಡುವಿಗೊಂದು ಪ್ಯಾಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮೊಬೈಲ್ ರೀಚಾರ್ಜಿನ ಬಗ್ಗೆ ಕೋಲಾರ ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉತ್ತರಗಳಲ್ಲಿ ಕಾಣುವ ದರಗಳು 2024ರ ಜುಲೈನ ದರ ಏರಿಕೆಯ ಹೊತ್ತಿನವು ಅಥವಾ 2025ರ ಜನವರಿಯಲ್ಲಿ ಪ್ರಕಟವಾದವು. ಕಂಪನಿಗಳು ದರವನ್ನು ಆಗಾಗ ಬದಲಿಸುವುದರಿಂದ ಹಣ ಕಟ್ಟುವ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಲೆಕ್ಕ ಹಾಕುವ ಕ್ರಮವಂತೂ ಇದೇ.

ಪ್ರಶ್ನೆ: ಶ್ರೀನಿವಾಸಪುರದಲ್ಲಿ ನಮ್ಮದು ಮಾವಿನ ಮಂಡಿ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಫೋನು ಕಿವಿಯಿಂದ ಇಳಿಯುವುದಿಲ್ಲ. ಲೋಡಿನ ಫೋಟೊ, ವಿಡಿಯೊಗಳನ್ನು ಹೊರರಾಜ್ಯದ ಖರೀದಿದಾರರಿಗೆ ಕಳುಹಿಸುತ್ತಲೇ ಇರಬೇಕಾಗುತ್ತದೆ, ಸಂಜೆ ಐದರ ಹೊತ್ತಿಗೆ ದಿನದ 2 ಜಿಬಿ ಖಾಲಿಯಾಗಿರುತ್ತದೆ. ಮಿಕ್ಕ ತಿಂಗಳುಗಳಲ್ಲಿ ಕರೆ, ವಾಟ್ಸ್‌ಆ್ಯಪ್ ಸಂದೇಶ, ಯುಪಿಐ ಬಿಟ್ಟರೆ ಹೆಚ್ಚೇನೂ ಇಲ್ಲ. ಮನೆಯಲ್ಲಿ ವೈಫೈ ಇದೆ. ವರ್ಷವಿಡೀ 349 ರೂಪಾಯಿಯ 28 ದಿನದ ಪ್ಯಾಕನ್ನೇ ಹಾಕಿಸುತ್ತಿದ್ದೇನೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ನೀವು ಮಾಡುತ್ತಿರುವುದು ನಮ್ಮಲ್ಲಿ ಬಹುಮಂದಿ ಮಾಡುವ ಕೆಲಸವೇ: ವರ್ಷದಲ್ಲಿ ಅತಿ ಹೆಚ್ಚು ಬಳಸುವ ತಿಂಗಳನ್ನು ಅಳತೆಯಾಗಿಟ್ಟುಕೊಂಡು ಹನ್ನೆರಡು ತಿಂಗಳಿಗೂ ಅದೇ ಪ್ಯಾಕನ್ನು ಕೊಳ್ಳುವುದು. ಬಳಕೆ ಏರಿಳಿಯುವವರು ಇದನ್ನು ತಿರುಗಿಸಿ ನೋಡಬೇಕು. ಅತಿ ಕಡಿಮೆ ಬಳಸುವ ತಿಂಗಳಿಗೆ ಎಷ್ಟು ಬೇಕೋ ಅಷ್ಟನ್ನು ತಳಹದಿಯಾಗಿಟ್ಟುಕೊಂಡು, ಸುಗ್ಗಿ ಬಂದಾಗ ಮಾತ್ರ ಮೇಲಕ್ಕೆ ಹೋಗಿ, ಸುಗ್ಗಿ ಮುಗಿದೊಡನೆ ಮತ್ತೆ ಕೆಳಕ್ಕಿಳಿಯಬೇಕು. ಪ್ರೀಪೇಯ್ಡ್‌ನಲ್ಲಿ ಇದಕ್ಕೆ ಯಾವ ದಂಡವೂ ಇಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಲೆಕ್ಕ ಹಾಕೋಣ. 28 ದಿನದ ಪ್ಯಾಕೆಂದರೆ ತಿಂಗಳ ಪ್ಯಾಕಲ್ಲ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಕರೆನ್ಸಿ ಹಾಕಿಸಬೇಕು. ಹಾಗಾಗಿ ನಿಮ್ಮ ಈಗಿನ ವಾರ್ಷಿಕ ಖರ್ಚು 4,537 ರೂಪಾಯಿ. ಇನ್ನು ತಳಹದಿಯ ಪ್ಯಾಕಿಗೆ ಬರೋಣ. 2024ರ ಜುಲೈ ಏರಿಕೆಯ ನಂತರ ಮಿತಿಯಿಲ್ಲದ ಕರೆಯೊಂದಿಗೆ 28 ದಿನಕ್ಕೆ ಒಟ್ಟು 2 ಜಿಬಿ ಕೊಡುವ ಪ್ಯಾಕಿಗೆ ಏರ್‌ಟೆಲ್ ಮತ್ತು ವಿಐ (ವೊಡಾಫೋನ್ ಐಡಿಯಾ) 199 ರೂಪಾಯಿಯನ್ನೂ ಜಿಯೋ 189 ರೂಪಾಯಿಯನ್ನೂ ನಿಗದಿಮಾಡಿದ್ದವು. ನಿಮ್ಮ ಕಂಪನಿ ಯಾವುದೆಂದು ನೀವು ಬರೆದಿಲ್ಲವಾದ್ದರಿಂದ ದೊಡ್ಡ ಮೊತ್ತವನ್ನೇ ಹಿಡಿಯೋಣ. ಸುಗ್ಗಿಯ 84 ದಿನಗಳಿಗೆ ಮೂರು ಸಲ 349 ಎಂದರೆ 1,047, ಉಳಿದ ಹತ್ತು ಸಲ 199ರಂತೆ 1,990, ಒಟ್ಟು 3,037. ವರ್ಷಕ್ಕೆ 1,500 ರೂಪಾಯಿ ಕೈಯಲ್ಲುಳಿಯುತ್ತದೆ. ಬಿಡುವಿನ ತಿಂಗಳಲ್ಲಿ ಎಂದಾದರೂ 2 ಜಿಬಿ ಮುಗಿದುಹೋದರೆ ಚಿಕ್ಕದೊಂದು ಡೇಟಾ ಪ್ಯಾಕ್ ಸೇರಿಸಿಕೊಳ್ಳಬಹುದು. ವರ್ಷದಲ್ಲಿ ಅಂಥದ್ದಕ್ಕೆ ಮುನ್ನೂರು, ನಾನ್ನೂರು ರೂಪಾಯಿ ಹೋದರೂ ನಿಮಗೆ ಲಾಭವೇ. ಆದರೆ ಡೇಟಾ ಪ್ಯಾಕುಗಳಲ್ಲಿ ಎರಡು ಜಾತಿಯಿವೆ: ಕೆಲವು ಅದೇ ದಿನ ರಾತ್ರಿ ಮುಗಿದುಹೋಗುತ್ತವೆ, ಕೆಲವು ವಾರ ಅಥವಾ ತಿಂಗಳು ಇರುತ್ತವೆ. ಬೆಲೆ ನೋಡುವ ಮೊದಲು ಅವಧಿಯನ್ನು ನೋಡಿ.

ಬಳಕೆ ಏರಿಳಿಯುವವರಿಗೆ ನಿಜವಾದ ತೊಡಕು ಇರುವುದು ‘ದಿನಕ್ಕೆ ಇಷ್ಟು ಜಿಬಿ’ ಎಂಬ ಕಟ್ಟುಪಾಡಿನಲ್ಲಿ. ದಿನಕ್ಕೆ 2 ಜಿಬಿಯಂತೆ 28 ದಿನಕ್ಕೆ 56 ಜಿಬಿ ಎಂದು ಜಾಹೀರಾತು ಹೇಳುತ್ತದೆ, ಕೂಡಿ ಕಳೆದರೆ ಅದು ಸರಿಯೇ. ಆದರೆ ಈ ದಿನ ಬಳಸದೆ ಉಳಿದದ್ದು ರಾತ್ರಿ 12 ಗಂಟೆಗೆ ಹೋಗಿಬಿಡುತ್ತದೆ. ಡಿಸೆಂಬರಿನಲ್ಲಿ ನಿಮ್ಮ ಪಾಲಿನ 56ರಲ್ಲಿ 54 ಜಿಬಿ ಹೀಗೆಯೇ ಹೋಗುತ್ತಿರಬೇಕು. ಜೂನ್‌ನಲ್ಲಿ ಇದಕ್ಕೆ ತಿರುಗುಮುರುಗು: ಭಾನುವಾರ ಮಂಡಿಯಲ್ಲಿ ಕೆಲಸ ಕಡಿಮೆಯಿದ್ದು ಉಳಿದ 1 ಜಿಬಿ ಸೋಮವಾರದ ಸಂಜೆಗೆ ಒದಗಿಬರುವುದಿಲ್ಲ. ದಿನದ ಪಾಲು ಮುಗಿದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಬರಹದ ಸಂದೇಶವೇನೋ ಹೋದೀತು, ಆದರೆ 1 ಎಂಬಿಯ ಒಂದೇ ಒಂದು ಫೋಟೊ ಹೋಗಲು ಬರೀ ಲೆಕ್ಕದಲ್ಲೇ ಎರಡು ನಿಮಿಷ ಬೇಕು. ಬಾದಾಮಿ ಮಾವಿನ ಕ್ರೇಟುಗಳ ಹತ್ತು ಫೋಟೊ ಕಳುಹಿಸಬೇಕಾದವರು ಅತ್ತ ಖರೀದಿದಾರನಿಗೆ ಕಾಯಿ ತೋರಿಸುವಷ್ಟರಲ್ಲಿ ಇತ್ತ ಲಾರಿ ತುಂಬಿ ಹೊರಟಿರುತ್ತದೆ. ದಿನದ ಕಟ್ಟಿಲ್ಲದೆ ಇಡೀ ಅವಧಿಗೆ ಒಟ್ಟು ಡೇಟಾ ಕೊಡುವ ಪ್ಯಾಕು, ಒಟ್ಟು ಮೊತ್ತದಲ್ಲಿ ತುಸು ಕಡಿಮೆಯೆಂದು ಕಂಡರೂ, ನಿಮ್ಮಂಥವರಿಗೆ ಹೆಚ್ಚು ಒದಗುತ್ತದೆ. ವಿಐ ತನ್ನ ಕೆಲವು ಪ್ರೀಪೇಯ್ಡ್ ಪ್ಯಾಕುಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಉಳಿದ ಡೇಟಾವನ್ನು ಶನಿವಾರ, ಭಾನುವಾರಗಳಿಗೆ ದಾಟಿಸುತ್ತದೆ. ವಾರದ ದಿನಗಳಲ್ಲೇ ಬಿಸಿಯಾಗಿರುವ ನಿಮಗೆ ಅದರಿಂದ ಪ್ರಯೋಜನ ಕಡಿಮೆ.

ನಿಮ್ಮ ಫೋನು 5ಜಿಯದೇ, ಮಂಡಿಯಲ್ಲಿ ನಿಂತಾಗ ಮೇಲಿನ ಪಟ್ಟಿಯಲ್ಲಿ 5ಜಿ ಎಂದು ತೋರಿಸುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. 2024ರ ಜುಲೈನಿಂದ ಜಿಯೋ ಮತ್ತು ಏರ್‌ಟೆಲ್, ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚು ಕೊಡುವ ಪ್ಯಾಕುಗಳಿಗೆ ಮಿತಿಯಿಲ್ಲದ 5ಜಿಯನ್ನು ಜೋಡಿಸಿದವು. ಎರಡೂ ಇದ್ದರೆ ಸಂಜೆ ಐದರ ತಾಪತ್ರಯ ಸುಗ್ಗಿಯಲ್ಲಿ ತಾನಾಗಿಯೇ ತಪ್ಪುತ್ತದೆ; ಇಲ್ಲದಿದ್ದರೆ ಆ ಮೂರು ಸುತ್ತಿಗೆ ಮಾತ್ರ ಇನ್ನೂ ಹೆಚ್ಚಿನ ಡೇಟಾದ ಪ್ಯಾಕಿಗೆ ಹೋಗಿ. ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ, ವಿಡಿಯೊಗಳು ತಾವಾಗಿಯೇ ಇಳಿಯುವುದನ್ನು ಮೊಬೈಲ್ ಡೇಟಾದಲ್ಲಿ ನಿಲ್ಲಿಸಿ. ವ್ಯಾಪಾರಿಗಳ ಗುಂಪುಗಳಲ್ಲಿ ನಿಮ್ಮ ಫೋಟೊಗಳಿಗಿಂತ ಇತರರ ಶುಭೋದಯದ ವಿಡಿಯೊಗಳೇ ಹೆಚ್ಚು ಡೇಟಾ ತಿನ್ನುತ್ತವೆ ಎಂಬುದು ಫೋನಿನ ‘ಡೇಟಾ ಬಳಕೆ’ ಪುಟವನ್ನು ತೆರೆದು ನೋಡಿದವರಿಗೆಲ್ಲ ಗೊತ್ತು. ಅದೇ ಪುಟದಲ್ಲಿ ಹಿಂದಿನ ಕೆಲವು ಸುತ್ತುಗಳ ಅಂಕಿಯೂ ಸಿಗುತ್ತದೆ. ಜೂನ್‌ನದೊಂದು, ನವೆಂಬರ್‌ನದೊಂದು ಬರೆದಿಟ್ಟುಕೊಂಡರೆ ಮುಂದಿನ ವರ್ಷದ ಆಯ್ಕೆಯನ್ನು ಅಂದಾಜಿನ ಮೇಲೆ ಮಾಡಬೇಕಾಗುವುದಿಲ್ಲ. ಕರೆಗಳನ್ನು ಈ ಲೆಕ್ಕಕ್ಕೆ ಸೇರಿಸಬೇಕಿಲ್ಲ. ಮಿತಿಯಿಲ್ಲದ ಕರೆಯ ಪ್ಯಾಕಿನಲ್ಲಿ ದಿನಕ್ಕೆ ಹತ್ತು ಮಾಡಿದರೂ ನೂರು ಮಾಡಿದರೂ ಬೆಲೆ ಒಂದೇ.

ವರ್ಷದ ಪ್ಯಾಕು ಹೇಗೆ ಎಂದು ನಿಮ್ಮ ಮನಸ್ಸಿನಲ್ಲಿ ಬಂದಿರಬಹುದು. ಏರ್‌ಟೆಲ್ 2024ರ ಜುಲೈನಲ್ಲಿ 1,999 ರೂಪಾಯಿಗೆ 365 ದಿನ, ಒಟ್ಟು 24 ಜಿಬಿ ಕೊಡುತ್ತಿತ್ತು. ಸುಗ್ಗಿಯಲ್ಲಿ ಕರೆ ಮಾತ್ರ ಹೆಚ್ಚುವವರಿಗೆ ಇದರಷ್ಟು ಅಗ್ಗದ್ದು ಕಡಿಮೆ. ನಿಮ್ಮದು ಹಾಗಲ್ಲ, ಹೆಚ್ಚುವುದು ಡೇಟಾ. 24 ಜಿಬಿಯನ್ನು ನೀವು ಜೂನ್‌ನ ಎರಡು ವಾರದಲ್ಲಿ ಮುಗಿಸಿ, ಆಮೇಲೆ ಡೇಟಾ ಪ್ಯಾಕುಗಳ ಹಿಂದೆ ಓಡಬೇಕಾಗುತ್ತದೆ.

ಪ್ಯಾಕು ಬದಲಿಸುವ ದಿನದ ಬಗ್ಗೆ ಒಂದು ಎಚ್ಚರಿಕೆ. ಹಳೆಯದರ ಅವಧಿ ಇನ್ನೂ ಇರುವಾಗ ಹೊಸದನ್ನು ಹಾಕಿಸಿದರೆ ಅದು ಸರದಿಯಲ್ಲಿ ನಿಂತು ಆಮೇಲೆ ಶುರುವಾಗುತ್ತದೆಯೋ ಅಥವಾ ಆಗಲೇ ಜಾರಿಗೆ ಬಂದು ಹಳೆಯ ದಿನಗಳನ್ನು ನುಂಗುತ್ತದೆಯೋ ಎಂಬುದನ್ನು ಹಣ ಕೊಡುವ ಮುನ್ನ ಕೇಳಿ. ಹಳೆಯದು ಮುಗಿಯುವ ದಿನವೇ ಬದಲಿಸುವುದು ನಿಶ್ಚಿಂತೆ. 28 ದಿನದ ಸುತ್ತಿನಲ್ಲಿ ದಿನಾಂಕ ಪ್ರತಿಸಲ ಹಿಂದೆ ಸರಿಯುತ್ತಾ ಹೋಗುವುದು ಕಿರಿಕಿರಿಯೆನಿಸಿದರೆ, 30 ದಿನದ್ದೊಂದು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದದ್ದೊಂದು ಪ್ಯಾಕನ್ನಾದರೂ ಎಲ್ಲ ಕಂಪನಿಗಳೂ ಇಟ್ಟಿರಬೇಕೆಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರಲ್ಲಿ ಆದೇಶಿಸಿದೆ. ಅಂಗಡಿಯವರು ಅದನ್ನು ತಾವಾಗಿ ಹೇಳುವುದು ಅಪರೂಪ.

ಪ್ರಶ್ನೆ: ಮುಳಬಾಗಿಲಿನಲ್ಲಿ ಒಬ್ಬರೇ ಇರುವ ನನ್ನ ತಾಯಿಯ ಬಳಿ ಕೀಪ್ಯಾಡ್ ಫೋನಿದೆ. ನೆಟ್ ಬೇಡವೇ ಬೇಡ. ಕೆಲವು ತಿಂಗಳು ನಮ್ಮಲ್ಲಿಗೆ ಬಂದಾಗ ಫೋನೇ ಮುಟ್ಟುವುದಿಲ್ಲ. ಬ್ಯಾಂಕಿಗೆ, ಆಧಾರ್‌ಗೆ ಕೊಟ್ಟಿರುವುದು ಅದೇ ನಂಬರ್. ಎಷ್ಟು ಕಡಿಮೆಗೆ ಅದನ್ನು ಉಳಿಸಿಕೊಳ್ಳಬಹುದು?

ಉತ್ತರ: ಡೇಟಾ ಬೇಡದವರೂ ಡೇಟಾಕ್ಕೆ ಹಣ ಕೊಡಬೇಕಾಗಿದ್ದ ಪರಿಸ್ಥಿತಿ ಬಹುಕಾಲ ಇತ್ತು. 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಿದ್ದಿ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕುಗಳನ್ನು ಪ್ರತ್ಯೇಕವಾಗಿ ಕೊಡಲೇಬೇಕೆಂದು ಹೇಳಿತು. ಇಂಥ ವಿಶೇಷ ಪ್ಯಾಕುಗಳ ಅವಧಿಯ ಮೇಲ್ಮಿತಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಿತು. 2025ರ ಜನವರಿಯಲ್ಲಿ ಅದರಂತೆ ಏರ್‌ಟೆಲ್ 84 ದಿನಕ್ಕೆ 469 ಮತ್ತು 365 ದಿನಕ್ಕೆ 1,849 ರೂಪಾಯಿಯ ಪ್ಯಾಕುಗಳನ್ನೂ, ಜಿಯೋ 84 ದಿನಕ್ಕೆ 448 ಮತ್ತು 336 ದಿನಕ್ಕೆ 1,748 ರೂಪಾಯಿಯ ಪ್ಯಾಕುಗಳನ್ನೂ ತಂದವು. ಇಲ್ಲಿ ಕಣ್ಣಿಗೆ ಮೋಸವಾಗಬಾರದು. 1,748 ಎಂಬುದು 1,849ಕ್ಕಿಂತ ಅಗ್ಗವೆಂದು ಕಾಣುತ್ತದೆ, ಆದರೆ 336 ದಿನವೆಂದರೆ ವರ್ಷವಲ್ಲ, 28 ದಿನದ ಹನ್ನೆರಡು ಸುತ್ತು. ದಿನದ ಲೆಕ್ಕಕ್ಕೆ ಇಳಿಸಿದರೆ ಮೊದಲಿನದು ಸುಮಾರು 5 ರೂಪಾಯಿ 20 ಪೈಸೆ, ಎರಡನೆಯದು 5 ರೂಪಾಯಿ 7 ಪೈಸೆ. ಯಾವ ಪ್ಯಾಕನ್ನೇ ಆಗಲಿ ದಿನಗಳಿಂದ ಭಾಗಿಸದೆ ಇನ್ನೊಂದರೊಡನೆ ಹೋಲಿಸಬೇಡಿ.

ಇನ್ನೊಂದು ಮಾತು. ಜಿಯೋಗೆ 2ಜಿ ಜಾಲವೇ ಇಲ್ಲವಾದ್ದರಿಂದ ಹಳೆಯ 2ಜಿ ಕೀಪ್ಯಾಡ್ ಫೋನಿನಲ್ಲಿ ಅದರ ಸಿಮ್ ಕೆಲಸ ಮಾಡುವುದಿಲ್ಲ. 4ಜಿಯ ಕೀಪ್ಯಾಡ್ ಫೋನೇ ಬೇಕು. ತಾಯಿಯ ಕೈಗೆ ಅಭ್ಯಾಸವಾಗಿರುವ ಫೋನನ್ನು ಬದಲಿಸುವ ಕಷ್ಟವನ್ನೂ ಬೆಲೆಯೊಳಗೆ ಸೇರಿಸಿ ನೋಡಿ.

ನಂಬರ್ ಉಳಿಸಿಕೊಳ್ಳುವ ನಿಯಮ ಬೇರೆ. ಪ್ರೀಪೇಯ್ಡ್ ನಂಬರಿನಲ್ಲಿ ಕರೆ, ಸಂದೇಶ, ಡೇಟಾ ಯಾವುದೂ ಇಲ್ಲದೆ 90 ದಿನ ಕಳೆಯುವ ಮೊದಲು ಅದನ್ನು ರದ್ದುಮಾಡುವಂತಿಲ್ಲ. ಆಮೇಲೂ ಮುಖ್ಯ ಖಾತೆಯಲ್ಲಿ 20 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ 20 ರೂಪಾಯಿ ಕಡಿದುಕೊಂಡು ಇನ್ನು 30 ದಿನ ಮುಂದುವರಿಸಬೇಕು. ಆದರೆ ಹೀಗೆ ಉಳಿಯುವುದು ನಂಬರ್ ಮಾತ್ರ, ಸೇವೆಯಲ್ಲ. ಪ್ಯಾಕಿನ ವ್ಯಾಲಿಡಿಟಿ ಮುಗಿದ ಮೇಲೆ ಮೊದಲು ಔಟ್‌ಗೋಯಿಂಗ್, ಸ್ವಲ್ಪ ದಿನ ಬಿಟ್ಟು ಇನ್‌ಕಮಿಂಗ್ ಕೂಡ ನಿಲ್ಲುವುದು ವಾಡಿಕೆ, ಆಗ ಬ್ಯಾಂಕಿನ ಒಟಿಪಿಯನ್ನು ನೆಚ್ಚಿಕೊಳ್ಳಲಾಗದು. ಬ್ಯಾಂಕಿನ ನಂಬರ್ ಆದ್ದರಿಂದ ವರ್ಷದ ಕರೆ ಪ್ಯಾಕೇ ನನ್ನ ಸಲಹೆ. ಒಂಟಿಯಾಗಿರುವ ಹಿರಿಯರ ಫೋನಿನಲ್ಲಿ ವ್ಯಾಲಿಡಿಟಿ ಮುಗಿದದ್ದು ಯಾರಿಗೂ ಗೊತ್ತಾಗದೆ ಹೋಗುವುದು ಕೆಲವು ನೂರು ರೂಪಾಯಿಗಿಂತ ದೊಡ್ಡ ಸಮಸ್ಯೆ.

ಪ್ರಶ್ನೆ: ಕೆಜಿಎಫ್‌ನಿಂದ ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತೇನೆ. ಕೆಲವು ತಿಂಗಳು ಮನೆಯಿಂದಲೇ ಕೆಲಸ, ಆಗ ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಕೊಡಬೇಕು. ಕೆಲವು ತಿಂಗಳು ಏನೂ ಇಲ್ಲ. ಪೋಸ್ಟ್‌ಪೇಯ್ಡ್‌ಗೆ ಹೋಗುವುದು ಒಳ್ಳೆಯದೇ?

ಉತ್ತರ: ನಿಮ್ಮಂಥ ಬಳಕೆಗೆ ಪೋಸ್ಟ್‌ಪೇಯ್ಡ್‌ನಲ್ಲಿ ಒಂದು ಗುಣವಿದೆ. ಅಲ್ಲಿ ಸಾಮಾನ್ಯವಾಗಿ ದಿನದ ಮಿತಿಯಿಲ್ಲ, ತಿಂಗಳಿಗೆ ಇಷ್ಟು ಎಂದು ಒಟ್ಟು ಡೇಟಾ ಇರುತ್ತದೆ. ಕೆಲವು ಪ್ಲಾನುಗಳಲ್ಲಿ ಉಳಿದದ್ದು ಮುಂದಿನ ತಿಂಗಳಿಗೆ ಒಂದು ಮಿತಿಯವರೆಗೆ ಸೇರುತ್ತಲೂ ಹೋಗುತ್ತದೆ. ಬಿಡುವಿನ ತಿಂಗಳಲ್ಲಿ ಕೂಡಿದ್ದನ್ನು ಕೆಲಸದ ತಿಂಗಳಲ್ಲಿ ತೆಗೆದು ಬಳಸಬಹುದು. ಬೆಲೆಯನ್ನು ಮಾತ್ರ ಸರಿಯಾಗಿ ಓದಿ. ಪ್ರೀಪೇಯ್ಡ್ ದರದಲ್ಲಿ ಜಿಎಸ್‌ಟಿ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ದರಕ್ಕೆ 18 ಶೇಕಡ ಮೇಲೆ ಬೀಳುತ್ತದೆ. 449 ರೂಪಾಯಿ ಎಂದು ಬರೆದದ್ದು ಬಿಲ್ಲಿನಲ್ಲಿ 529 ರೂಪಾಯಿ 82 ಪೈಸೆಯಾಗಿ ಬರುತ್ತದೆ, ಹನ್ನೆರಡು ಬಿಲ್ಲಿಗೆ 6,358 ರೂಪಾಯಿಯಷ್ಟು. ಮೇಲಿನ ಮಾವಿನ ಮಂಡಿಯವರು ವರ್ಷವಿಡೀ ದೊಡ್ಡ ಪ್ಯಾಕನ್ನೇ ಹಾಕಿಸಿದರೂ ಕೊಡುವುದು 4,537.

ಹಾಗಾಗಿ ಮನೆಯಲ್ಲಿ ಒಬ್ಬರೇ ಬಳಸುವುದಾದರೆ ಪ್ರೀಪೇಯ್ಡ್‌ನಲ್ಲೇ ಇದ್ದು, ಮನೆಯಿಂದ ಕೆಲಸ ಮಾಡುವ ತಿಂಗಳಿಗೆ ದಿನದ ಮಿತಿಯಿಲ್ಲದ ಡೇಟಾ ಪ್ಯಾಕ್ ಸೇರಿಸಿಕೊಳ್ಳುವುದು ಅಗ್ಗ. ಬಿಲ್ಲನ್ನು ಕಚೇರಿ ಭರಿಸುವುದಾದರೆ, ಅಥವಾ ಒಂದೇ ಪ್ಲಾನಿಗೆ ಮನೆಯ ಇನ್ನೊಂದೆರಡು ನಂಬರ್ ಸೇರಿಸಿ ಡೇಟಾ ಹಂಚಿಕೊಳ್ಳುವುದಾದರೆ ಪೋಸ್ಟ್‌ಪೇಯ್ಡ್ ಆಯ್ದುಕೊಳ್ಳಿ. ಆದರೆ ಮಿತಿ ದಾಟಿದ ಮೇಲೆ ವೇಗ ಇಳಿಯುತ್ತದೆಯೋ, ಜಿಬಿಗಿಷ್ಟು ಎಂದು ಮೀಟರ್ ಓಡುತ್ತದೆಯೋ ಎಂಬುದನ್ನು ಬರಹದಲ್ಲಿ ನೋಡದೆ ಸಹಿ ಹಾಕಬೇಡಿ. ಬಂಗಾರಪೇಟೆಯಿಂದ ಆಚೆ ರೈಲಿನಲ್ಲಿ ಸಿಗ್ನಲ್ ಬಂದು ಹೋಗುವುದಕ್ಕೆ ಯಾವ ಪ್ಲಾನೂ ಮದ್ದಲ್ಲ. ನೋಡಬೇಕಾದದ್ದನ್ನು ಮೊದಲೇ ಇಳಿಸಿಕೊಂಡು ಹೊರಡಿ.

ಪ್ರಶ್ನೆ: ನಂಗಲಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಫೋನು ಒಮ್ಮೊಮ್ಮೆ ಆಂಧ್ರದ ಟವರ್ ಹಿಡಿಯುತ್ತದೆ. ಇದರಿಂದ ಹಣ ಕತ್ತರಿಸುತ್ತಾರೆಯೇ? ಕಂಪನಿ ಬದಲಿಸೋಣವೆಂದಿದ್ದೇನೆ, ಯಾವಾಗ ಬದಲಿಸಬೇಕು?

ಉತ್ತರ: ಮಿತಿಯಿಲ್ಲದ ಕರೆಯ ಈಗಿನ ಪ್ಯಾಕುಗಳಲ್ಲಿ ದೇಶದೊಳಗಿನ ರೋಮಿಂಗ್ ಸೇರಿಯೇ ಇರುತ್ತದೆ, ಆಂಧ್ರದ ಟವರಿಗೆ ಬೇರೆ ಹಣವಿಲ್ಲ. ಬರೀ ಟಾಪ್‌ಅಪ್ ಹಣದಲ್ಲಿ ಕರೆ ಮಾಡುವವರು ಮಾತ್ರ ತಮ್ಮ ಪ್ಲಾನಿನ ರೋಮಿಂಗ್ ದರವನ್ನು ವಿಚಾರಿಸಿಕೊಳ್ಳಬೇಕು.

ಕಂಪನಿಯನ್ನು ಬೆಲೆ ನೋಡಿ ಬದಲಿಸುವ ಮುನ್ನ ಸಿಗ್ನಲ್ ನೋಡಿ. ಯಾವ ಊರಿನಲ್ಲಿ ತಮ್ಮ ಯಾವ ಜಾಲವಿದೆಯೆಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮ ಈಗಿದೆ. ನಕ್ಷೆಗಿಂತ ಪಕ್ಕದ ಮನೆಯವರ ಫೋನಿನಿಂದ ನಿಮ್ಮ ಅಡುಗೆಮನೆಯೊಳಗೆ ನಿಂತು ಒಂದು ಕರೆ ಮಾಡಿ ನೋಡುವುದು ಇನ್ನೂ ನಂಬಿಕೆಗೆ ತಕ್ಕದ್ದು. ಬಿಎಸ್‌ಎನ್‌ಎಲ್‌ನ ದೀರ್ಘಾವಧಿ ಪ್ಯಾಕುಗಳನ್ನು ನೋಡುವುದಾದರೂ ನಿಮ್ಮ ಊರಿನ ಟವರಿಗೆ ಅದರ 4ಜಿ ಬಂದಿದೆಯೇ ಎಂದು ಮೊದಲು ತಿಳಿಯಿರಿ. ಕರ್ನಾಟಕ ವಲಯದ ಎಲ್ಲ ಕಂಪನಿಗಳ ಪ್ಯಾಕುಗಳನ್ನೂ ಒಂದೇ ಕಡೆ ಇಟ್ಟು ಹೋಲಿಸಲು ಟ್ರಾಯ್‌ನ ದರಪಟ್ಟಿಯ ಜಾಲತಾಣವಿದೆ.

ಬದಲಿಸುವುದು ಸುಲಭ. ಈಗಿನ ಕಂಪನಿಯಲ್ಲಿ 90 ದಿನ ತುಂಬಿರಬೇಕು. ‘ಪೋರ್ಟ್’ ಎಂದು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿದರೆ ಒಂದು ಕೋಡ್ ಬರುತ್ತದೆ, ಅದು ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಅದರೊಡನೆ ಹೊಸ ಕಂಪನಿಯ ಅಂಗಡಿಗೆ ಹೋದರೆ ನಮ್ಮದೇ ವಲಯದೊಳಗೆ ಮೂರು ಕೆಲಸದ ದಿನಗಳಲ್ಲಿ ವರ್ಗಾವಣೆಯಾಗಬೇಕು. ಸಿಮ್ ಕಳೆದು ಹೊಸದು ತೆಗೆಸಿದ್ದರೆ ಏಳು ದಿನ ಕೋಡ್ ಸಿಗುವುದಿಲ್ಲ. ಇದು 2024ರ ಜುಲೈ 1ರಿಂದ ಬಂದ ನಿಯಮ, ವಂಚನೆ ತಡೆಯಲು ಮಾಡಿದ್ದು. ಯಾವಾಗ ಎಂದು ಕೇಳಿದ್ದೀರಿ: ಪ್ಯಾಕಿನ ಕೊನೆಯ ವಾರದಲ್ಲಿ. ಉಳಿದ ದಿನಗಳಾಗಲಿ, ಖಾತೆಯಲ್ಲಿನ ಹಣವಾಗಲಿ ಹೊಸ ಕಂಪನಿಗೆ ಬರುವುದಿಲ್ಲ. ವರ್ಷದ ಪ್ಯಾಕ್ ಹಾಕಿಸಿ ಎರಡನೇ ತಿಂಗಳಿಗೆ ಬೇಸರಪಟ್ಟವರು ಕಳೆದುಕೊಳ್ಳುವುದು ಇದನ್ನೇ, ಆದ್ದರಿಂದ ಗಡಿಯ ಊರುಗಳಲ್ಲಿ ಹೊಸ ಕಂಪನಿಯನ್ನು ಮೊದಲು 28 ದಿನಕ್ಕಷ್ಟೇ ಪರೀಕ್ಷಿಸಿ.

ಪ್ರಶ್ನೆ: ಮಾಲೂರಿನ ಅಂಗಡಿಯೊಂದರಲ್ಲಿ 84 ದಿನದ ಪ್ಯಾಕ್ ಕೇಳಿದ್ದೆ, 28 ದಿನದ್ದನ್ನು ಹಾಕಿದ್ದಾರೆ. ಯಾರನ್ನು ಕೇಳಬೇಕು?

ಉತ್ತರ: ರೀಚಾರ್ಜ್ ಆದೊಡನೆ ಬರುವ ಸಂದೇಶದಲ್ಲಿ ಅವಧಿ, ಮೊತ್ತ, ಸೌಲಭ್ಯ ಮೂರೂ ಇರುತ್ತವೆ. ಅಂಗಡಿಯಲ್ಲಿ ನಿಂತಿರುವಾಗಲೇ ಅದನ್ನು ಓದಿ, ತಪ್ಪಿದ್ದರೆ ಆ ಕ್ಷಣವೇ ಅಂಗಡಿಯವರಿಗೆ ತೋರಿಸಿ. ಅಂಗಡಿಯಲ್ಲಿ ಬಗೆಹರಿಯದಿದ್ದರೆ ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಅವರು ಕೊಡುವ ಡಾಕೆಟ್ ನಂಬರನ್ನು, ಅಂದರೆ ದೂರಿನ ಸಂಖ್ಯೆಯನ್ನು, ತಾರೀಖಿನೊಂದಿಗೆ ಬರೆದಿಟ್ಟುಕೊಳ್ಳಿ. ಆ ಕರೆಗೆ ಹಣವಿಲ್ಲ. ಉತ್ತರ ತೃಪ್ತಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೂ ಶುಲ್ಕವಿಲ್ಲ. ಟ್ರಾಯ್‌ಗೆ ನೇರವಾಗಿ ಬರೆಯುವವರು ಬಹಳ, ಆದರೆ ಒಬ್ಬೊಬ್ಬ ಗ್ರಾಹಕರ ದೂರನ್ನು ಅದು ವಿಚಾರಿಸುವುದಿಲ್ಲ. ಅಂಗಡಿಯವರು ನೀವು ಕೊಟ್ಟ 28 ದಿನದ ಹಣಕ್ಕೆ 28 ದಿನದ್ದನ್ನೇ ಹಾಕಿದ್ದರೆ ನಷ್ಟವೇನೂ ಆಗಿಲ್ಲ, ಅವಧಿ ಮುಗಿದ ದಿನ 84ರದ್ದನ್ನು ಹಾಕಿಸಿಕೊಳ್ಳಿ. 84 ದಿನದ ಹಣ ಪಡೆದು 28ರದ್ದನ್ನು ಹಾಕಿದ್ದರೆ ಯುಪಿಐಯಲ್ಲಿ ಹಣ ಹೋದ ದಾಖಲೆ ಮತ್ತು ಕಂಪನಿಯ ಸಂದೇಶ ಎರಡನ್ನೂ ಇಟ್ಟುಕೊಂಡು ಮೊದಲು ಅಂಗಡಿಯವರನ್ನೇ ಕೇಳಿ, ಏಕೆಂದರೆ ವ್ಯತ್ಯಾಸದ ಹಣ ಉಳಿದಿರುವುದು ಅವರ ಬಳಿ, ಕಂಪನಿಯ ಬಳಿಯಲ್ಲ.